ಸತ್ತ ನಾಯಿಮರಿಯ ಕೌದಿ ತಂದು ನಮ್ಮ ಮರಿಗೆ ಕೊಟ್ಟರಲ್ಲ!

ಸಿಟ್ಟು ಇನ್ನೂ ಇಳಿದಿಲ್ಲ. ಅದಕ್ಕೇ ಬರೆಯುತ್ತಿದ್ದೇನೆ.

ಧಾರವಾಡದಲ್ಲಿ ನಮ್ಮ ಓಣಿಯಲ್ಲೇ ಎರಡು ಮನೆ ಆಚೆ ಒಬ್ಬರು ವೈನಿ ಇದ್ದಾರೆ. ಕಳೆದ ತಿಂಗಳು ಒಂದು ಸಂಜೆ ಬಂದರು. ಕೈಯಲ್ಲಿ ಸ್ಟೀಲ್ ಬಟ್ಟಲು, ಮಡಚಿದ ಸಣ್ಣ ಕೌದಿ. "ನಮ್ಮ ಮರೀನ ಊರಿಗೆ ಕೊಟ್ ಕಳಿಸಿದ್ವಿರೀ. ಇವು ಸುಮ್ನ ಬಿದ್ದಿದ್ವು, ನಿಮ್ಮ ಗುಂಡ್ಯಾಗ ಆಗ್ತಾವ" ಅಂದರು. ಎಂಥ ಒಳ್ಳೆ ಮನಸ್ಸು ಅಂತ ನಾನು ಚಹಾ ಬೇರೆ ಮಾಡಿಕೊಟ್ಟೆ!

ಆರನೇ ದಿನ ಗುಂಡ್ಯಾ ಊಟ ಬಿಟ್ಟ. ರಾತ್ರಿಯೆಲ್ಲ ವಾಂತಿ. ಬೆಳಗಾಗುವಷ್ಟರಲ್ಲಿ ರಕ್ತಭೇದಿ. ಆ ವಾಸನೆ ಈಗಲೂ ಮೂಗಲ್ಲೇ ಇದೆ. ಎದುರು ಮನೆ ಕಾಕಾ "ಜಂತ ಆಗಿರಬೇಕು, ಮಜ್ಜಿಗಿ ಕುಡಸ್ರಿ" ಅಂದರು. ಪುಣ್ಯ, ಕೇಳಲಿಲ್ಲ. ಆಟೋ ಹಿಡಿದು ಡಾಕ್ಟರ ಹತ್ತಿರ ಓಡಿದೆ. ಅವರು ಕಿಟ್‌ನಲ್ಲಿ ಮಲ ಪರೀಕ್ಷೆ ಮಾಡಿ, ಪಾರ್ವೋ ವೈರಸ್ ಅಂದರು. ಕರುಳಿನ ಒಳಪದರವನ್ನೇ ಕಿತ್ತು ಹಾಕುವ ರೋಗ. ಬಿಳಿ ರಕ್ತಕಣಗಳೂ ಕುಸಿಯುತ್ತವೆ. ಸಲೈನ್ ಹಾಕಿ, ವಾಂತಿ ನಿಲ್ಲಿಸಿ, ಮರಿಯ ಮೈಯೇ ಹೋರಾಡಲಿ ಅಂತ ಕಾಯಬೇಕು. ಐದು ದಿನ ಕಾದೆವು. 9,000 ರೂಪಾಯಿ ಹೋಯಿತು. ಗುಂಡ್ಯಾ ಉಳಿದ.

ಬೇರೆ ನಾಯಿಯ ಸಂಪರ್ಕ ಇತ್ತಾ ಅಂತ ಡಾಕ್ಟರು ಕೇಳಿದಾಗ ಇಲ್ಲ ಅಂದಿದ್ದೆ. ಆಮೇಲೆ ವೈನಿಯ ಸಣ್ಣ ಮಗ ಬಾಯಿಬಿಟ್ಟ. "ನಮ್ಮ ಮರಿ ರಕ್ತ ಹೇತು ಸತ್ತಹೋತ್ರಿ ಆಂಟಿ." ಊರಿಗೆ ಕಳಿಸಿದ್ದು ಇದು!

ಹೋಗಿ ಕೇಳಿದೆ. "ಫಿನಾಯಿಲ್ ಹಾಕಿ ತೊಳದ ಕೊಟ್ಟೇನಲ್ರೀ" ಅಂತ ನನ್ನ ಮೇಲೇ ಮುನಿಸು. ಫಿನಾಯಿಲ್‌ಗೆ ಈ ವೈರಸ್ ಬಗ್ಗಲ್ಲ ವೈನಿ! ಸ್ಯಾನಿಟೈಸರಿಗೂ ಅಷ್ಟೇ. ಕೊರೊನಾ ವೈರಸ್ಸಿಗೆ ಕೊಬ್ಬಿನ ಹೊದಿಕೆ ಇತ್ತು, ಸೋಪು ತಾಗಿದರೆ ಒಡೆಯುತ್ತಿತ್ತು. ಇದಕ್ಕೆ ಆ ಹೊದಿಕೆಯೇ ಇಲ್ಲ. ಮೊದಲು ಸೋಪು ಹಾಕಿ ಕೊಳೆ ತೆಗೆಯಬೇಕು. ಆಮೇಲೆ ಒಂದು ಪಾಲು ಬ್ಲೀಚ್ ದ್ರಾವಣಕ್ಕೆ 30 ಪಾಲು ನೀರು ಬೆರೆಸಿ, ಅದನ್ನ ಹಾಕಿ ಹತ್ತು ನಿಮಿಷ ಬಿಡಬೇಕು. ಅದೂ ಬಟ್ಟಲು, ಫರಸಿ ನೆಲಕ್ಕೆ ಸರಿ. ಕೌದಿಯನ್ನ ನಾನು ಸುಟ್ಟೆ. ಅಂಗಳದ ಮಣ್ಣಿಗೆ ಏನು ಮಾಡೋದು? ಅಲ್ಲಿ ತಿಂಗಳುಗಟ್ಟಲೆ, ನೆರಳು ತೇವ ಇದ್ದರೆ ವರ್ಷದವರೆಗೂ ಕೂತಿರುತ್ತದೆ. ಚಪ್ಪಲಿಗೆ ಅಂಟಿಕೊಂಡು ಮನೆಯೊಳಗೂ ಬರುತ್ತದೆ. ಉಜ್ಜಿ ತೊಳೆಯೋಣ ಅಂದರೆ ನಮ್ಮ ನಳದಲ್ಲಿ ನೀರು ಬರೋದು ಯಾವಾಗ ಅಂತ ನಿಮಗೇ ಗೊತ್ತು.

ನನ್ನದೂ ತಪ್ಪಿದೆ, ಇಲ್ಲ ಅನ್ನಲ್ಲ. ಲಸಿಕೆ 6-8 ವಾರಕ್ಕೆ ಶುರು ಮಾಡಿ, 2-4 ವಾರಕ್ಕೊಮ್ಮೆ, ಮರಿಗೆ 16 ವಾರ ತುಂಬುವವರೆಗೆ ಕೊಡಿಸಬೇಕು. ತಾಯಿಯಿಂದ ಬಂದ ರಕ್ಷಣೆ ಮೈಯಲ್ಲಿದ್ದಷ್ಟು ದಿನ ಲಸಿಕೆ ಸರಿಯಾಗಿ ಹತ್ತುವುದಿಲ್ಲ, ಅದಕ್ಕೇ ಇಷ್ಟು ಸಲ. ನಾನು ಒಂದು ಕೊಡಿಸಿ, ಮನೆಯಲ್ಲಿ ಮದುವೆ ಅಂತ ಎರಡನೆಯದನ್ನು ಮುಂದೆ ಹಾಕಿದ್ದೆ. ಆದರೆ ವೈನಿ ಒಂದು ಮಾತು ಹೇಳಿದ್ದರೆ ಆ ಕೌದಿ ನಮ್ಮ ಹೊಸ್ತಿಲು ದಾಟುತ್ತಿತ್ತಾ? ನಾಯಿಗೆ ರೋಗ ಬಂದರೆ ಮನೆತನದ ಮರ್ಯಾದೆ ಹೋಗುತ್ತಾ? ಮನುಷ್ಯರಿಗೆ ಅಂಟುವ ರೋಗವೂ ಅಲ್ಲ ಇದು.

"ನಮ್ಮ ಕಾಲಕ್ಕ ಇಂಥಾ ರೋಗ ಇರಲಿಲ್ಲ" ಅಂತಾರೆ ಕಾಕಾ. ಅದೊಂದು ಮಾತ್ರ ನಿಜ. ಇದು ಗೊತ್ತಾಗಿದ್ದೇ 1978ರಲ್ಲಿ. ಎರಡೇ ವರ್ಷದಲ್ಲಿ ಜಗತ್ತೆಲ್ಲ ಸುತ್ತಿತು. ಹೀಗೆ ಮುಚ್ಚಿಟ್ಟರೆ ಸುತ್ತದೆ ಇನ್ನೇನು!

ವಾಸಿಯಾದ ಮೇಲೂ ಎರಡು ವಾರದಷ್ಟು ಮಲದಲ್ಲಿ ವೈರಸ್ ಹೋಗುತ್ತಿರುತ್ತದೆ ಅಂದರು ಡಾಕ್ಟರು. ಗುಂಡ್ಯಾನನ್ನ ಹಿತ್ತಲಲ್ಲೇ ಕಟ್ಟಿದೆ. ಓಣಿಯಲ್ಲಿ ನಾಯಿ ಇರುವ ನಾಲ್ಕು ಮನೆಗೂ ಹೋಗಿ ಹೇಳಿ ಬಂದೆ. ಒಬ್ಬರು ನನ್ನ ಮುಖಕ್ಕೇ ಗೇಟು ಹಾಕಿಕೊಂಡರು. ಹಾಕಿಕೊಳ್ಳಲಿ.

ನಿನ್ನೆ ನೋಡುತ್ತೇನೆ, ವೈನಿ ಮನೆ ಅಂಗಳದಲ್ಲಿ ಹೊಸ ಮರಿ. ಒಂದೂವರೆ ತಿಂಗಳದ್ದು. ಹಳೆಯದನ್ನ ಕಟ್ಟುತ್ತಿದ್ದ ಅದೇ ಪೇರಲ ಗಿಡದ ಬುಡದಲ್ಲಿ ಮಣ್ಣು ಕೆದರುತ್ತಿತ್ತು. ಇಂಜೆಕ್ಷನ್ ಕೊಡಿಸಿದ್ರಾ ಅಂದೆ.

"ಇನ್ನಾ ಸಣ್ಣದೈತಿ, ಸ್ವಲ್ಪ ದೊಡ್ಡದಾಗ್ಲಿ ಬಿಡ್ರಿ."