ಜೋಳದ ಕವರ್ ಇರಲಿ, ಮೊದಲು ಅಡಿಕೆ ಹಾಳೆ ನೋಡೋಣ

ದಾವಣಗೆರೆ ಅಂಗಡಿಗಳಲ್ಲಿ ಈಗ ಹಸಿರು ಎಲೆ ಚಿತ್ರದ ಕವರ್ ಬರುತ್ತಿದೆ. "ಇದು ಪ್ಲಾಸ್ಟಿಕ್ ಅಲ್ಲ ಅಕ್ಕಾರೆ, ಜೋಳದ್ದು, ಮಣ್ಣಲ್ಲಿ ಕರಗುತ್ತೆ" ಅಂತ ಕೊಡುತ್ತಾರೆ. ನಂಬಿದವರು ನಿಶ್ಚಿಂತೆಯಿಂದ ಚರಂಡಿ ಪಕ್ಕ ಎಸೆದು ಹೋಗುತ್ತಾರೆ. ನನಗೆ ಸಂಕಟ ಆಗುವುದು ಅದಕ್ಕೇ.

ಮೆಕ್ಕೆಜೋಳದಿಂದ ಪ್ಲಾಸ್ಟಿಕ್ ಮಾಡುವುದು ನಿಜ. ಕಾಳಿನ ಪಿಷ್ಟವನ್ನು ಸಕ್ಕರೆ ಮಾಡಿ ಹುಳಿ ಬರಿಸಿದರೆ ಲ್ಯಾಕ್ಟಿಕ್ ಆಮ್ಲ ಸಿಗುತ್ತದೆ, ಮೊಸರಲ್ಲಿ ಇರುತ್ತಲ್ಲ, ಅದೇ. ಅದರಿಂದ ಪಿಎಲ್‌ಎ ಎಂಬ ಪ್ಲಾಸ್ಟಿಕ್ ತಯಾರಾಗುತ್ತದೆ. ಹೊಲದ ತುಂಬ ಮೆಕ್ಕೆಜೋಳ ಬೆಳೆಯುವ ಜಿಲ್ಲೆಗೆ ಇದು ಖುಷಿಯ ವಿಷಯವೇ. ಆದರೆ ಅದು ಸರಿಯಾಗಿ ಕೊಳೆಯಬೇಕಾದರೆ ಸುಮಾರು 58 ಡಿಗ್ರಿ ಬಿಸಿ, ತೇವ, ಗಾಳಿ ಎಲ್ಲ ವಾರಗಟ್ಟಲೆ ಬೇಕು. ಅಷ್ಟು ಬಿಸಿ ದೊಡ್ಡ ಕಾಂಪೋಸ್ಟ್ ಘಟಕದ ರಾಶಿಯಲ್ಲಿ ನಿಲ್ಲುತ್ತದೆ, ನಮ್ಮ ಹಿತ್ತಲ ತಿಪ್ಪೆಯಲ್ಲಿ ನಿಲ್ಲುವುದಿಲ್ಲ. ಚರಂಡಿಗೆ ಬಿದ್ದರೆ ವರ್ಷಗಟ್ಟಲೆ ಹಾಗೇ ಬಿದ್ದಿರುತ್ತದೆ.

ಇನ್ನೊಂದು ವಿಷಯ. ಕಬ್ಬಿನಿಂದ ಮಾಡಿದ ಪಾಲಿಥೀನ್ ಕೂಡ ಇದೆ. ಹುಟ್ಟಿದ್ದು ಗಿಡದಿಂದ, ಆದರೆ ಮಾಮೂಲಿ ಪಾಲಿಥೀನ್ ಹಾಗೇ ಅದೂ ಕೊಳೆಯುವುದೇ ಇಲ್ಲ. ಆಕ್ಸೊ ಅಂತ ಮಾರುವುದಂತೂ ಬೇಗ ಒಡೆಯಲೆಂದು ರಾಸಾಯನಿಕ ಬೆರೆಸಿದ ಮಾಮೂಲಿ ಪ್ಲಾಸ್ಟಿಕ್, ಪುಡಿಪುಡಿಯಾಗಿ ಮಣ್ಣಲ್ಲಿ ಸೇರಿಕೊಳ್ಳುತ್ತದೆ ಅಷ್ಟೇ. ಹಾಗಾಗಿ ಎಲೆ ಚಿತ್ರ ನೋಡಿ ಸುಮ್ನೆ ನಂಬಬೇಡಿ. ಕಾಂಪೋಸ್ಟಬಲ್ ಅಂತ ಬರೆದಿದೆಯಾ, ತಯಾರಕರ ಹೆಸರು, ಪ್ರಮಾಣಪತ್ರದ ನಂಬರ್ ಇದೆಯಾ ನೋಡಿ.

2022ರ ಜುಲೈ 1ರಿಂದ ಪ್ಲಾಸ್ಟಿಕ್ ತಟ್ಟೆ, ಲೋಟ, ಚಮಚ, ಸ್ಟ್ರಾ ದೇಶಾದ್ಯಂತ ನಿಷೇಧ. ನಮ್ಮ ರಾಜ್ಯದಲ್ಲಿ ಕವರ್, ತಟ್ಟೆ, ಲೋಟಕ್ಕೆ 2016ರಲ್ಲೇ ನಿಷೇಧ ಬಂದಿತ್ತು. ಆದರೂ ದುಗ್ಗಮ್ಮನ ಜಾತ್ರೆ ಮುಗಿದ ಮೇಲೆ ಬೀದಿ ಹೇಗಿರುತ್ತೆ ಅಂತ ನಿಮಗೇ ಗೊತ್ತಲ್ವಾ.

ಉತ್ತರ ನಮ್ಮ ಜಿಲ್ಲೆಯ ಚನ್ನಗಿರಿ ತೋಟಗಳಲ್ಲೇ ಬಿದ್ದಿದೆ. ಅಡಿಕೆ ಹಾಳೆ, ಅಂದರೆ ಅಡಿಕೆ ಸೋಗೆಯ ಬುಡದ ಅಗಲ ಭಾಗ. ಮರ ಕಡಿಯಬೇಕಿಲ್ಲ, ಅದು ತಾನೇ ಉದುರುತ್ತದೆ. ಒಣಗಿಸಿಟ್ಟದ್ದನ್ನು ನೀರಲ್ಲಿ ನೆನೆಸಿ, ಬ್ರಷ್‌ನಿಂದ ಉಜ್ಜಿ ತೊಳೆದು, ನೀರು ಬಸಿದು, ಬಿಸಿ ಅಚ್ಚಿಗೆ ಇಟ್ಟು ಒತ್ತಿದರೆ ತಟ್ಟೆ. ಅಂಟು ಬೇಡ, ಲೇಪನ ಬೇಡ. ಹಾಳೆಯ ಗೆರೆಗಳು ತಟ್ಟೆಯ ಮೇಲೆ ಹಾಗೇ ಕಾಣುತ್ತವೆ, ಬಿಸಿ ಸಾರು ಹಾಕಿದರೂ ತಡೆಯುತ್ತದೆ, ಉಂಡ ಮೇಲೆ ತಿಪ್ಪೆಗೆ ಹಾಕಿದರೆ ಗೊಬ್ಬರ. ಕಷ್ಟ ಇರುವುದು ಮಳೆಗಾಲದಲ್ಲಿ. ಹಾಳೆ ಒದ್ದೆಯಾದರೆ ಬೂಷ್ಟು ಹಿಡಿದು ಕಪ್ಪಾಗುತ್ತದೆ, ಬೇಸಿಗೆಯಲ್ಲೇ ಒಣಗಿಸಿ ಇಡಲು ಜಾಗ ಬೇಕು. ಸಣ್ಣ ಘಟಕದವರ ಹತ್ತಿರ ಅಂಥ ಗೋದಾಮು ಎಲ್ಲಿರುತ್ತೆ? ರೇಟೂ ಸ್ವಲ್ಪ ಜಾಸ್ತಿ. ನಾವು ಮದುವೆ ಮಂಟಪದ ಹೂವಿನ ಅಲಂಕಾರಕ್ಕೆ ಸುರಿಯುವ ದುಡ್ಡಿನ ಮುಂದೆ ಅದು ಏನೂ ಅಲ್ಲ ಬಿಡಿ.

ಜೋಳದ ಕವರ್ ಬೇಡವೇ ಬೇಡ ಅಂತ ನಾನು ಹೇಳುತ್ತಿಲ್ಲ. ಹಸಿ ಕಸ ತುಂಬಿ ನೇರ ಕಾಂಪೋಸ್ಟ್ ಘಟಕಕ್ಕೆ ಕಳಿಸುವ ಕಡೆ ಅದು ಒಳ್ಳೆಯದೇ. ಬೆಣ್ಣೆ ದೋಸೆ ಪಾರ್ಸಲ್‌ಗೆ ಮಾತ್ರ ಮನೆಯಿಂದ ಸ್ಟೀಲ್ ಡಬ್ಬಿ ಒಯ್ಯಿರಿ, ಚಟ್ನಿಗೂ ಸೇರಿಸಿ. ಪಾಲಿಕೆಯವರು ಮುಂದಿನ ಜಾತ್ರೆಗೆ ಮೊದಲೇ ಹಾಳೆ ತಟ್ಟೆಗೆ ಆರ್ಡರ್ ಕೊಡಲಿ, ಬೇಸಿಗೆಯಲ್ಲೇ ಹೇಳಿದರೆ ಚನ್ನಗಿರಿಯವರು ಹಾಳೆ ಕೂಡಿಟ್ಟುಕೊಳ್ಳುತ್ತಾರೆ.