ಐದು ಸ್ಟಾರಿನ ಸರ್ಕಾರಿ ಶಾಲೆ

ಡಿಸೆಂಬರ್ 14 ಹತ್ತಿರ ಬಂದರೆ ಸಾಕು, ಸರ್ಕಾರಕ್ಕೆ ಮಕ್ಕಳ ನೆನಪಾಗುತ್ತದೆ. ಅವತ್ತು ರಾಷ್ಟ್ರೀಯ ಇಂಧನ ಸಂರಕ್ಷಣಾ ದಿನ. ಸುತ್ತೋಲೆ ಬರುತ್ತದೆ. ಚಿತ್ರಕಲೆ, ಪ್ರಬಂಧ, ಜಾಥಾ. ಯಾವ ಶಾಲೆಗೆ ಹೋದರೂ ಬಹುಮಾನದ ಚಿತ್ರ ಒಂದೇ ಥರ ಇರುತ್ತದೆ. ಒಂದು ಬಲ್ಬು, ಅದರೊಳಗೆ ಭೂಮಿ, ಕೆಳಗೆ ಅದನ್ನು ಹಿಡಿದ ಎರಡು ಕೈ. ಬರೆದ ಹುಡುಗಿ ಕೂತಿರುವ ಕೋಣೆಯಲ್ಲಿ ಬಲ್ಬಿಲ್ಲ. ಹೋಲ್ಡರ್ ಇದೆ. ಅದನ್ನು ನೋಡಿಕೊಂಡು ಬರೆದಿದ್ದಾಳೆ, ಮಿಕ್ಕಿದ್ದು ಕಲ್ಪನೆ.

ಇವರಿಗೆ ಯಾಕ್ರೀ ಕರೆಂಟ್ ಉಳಿಸುವ ಪಾಠ? ನಮ್ಮ ಸರ್ಕಾರಿ ಶಾಲೆಯಷ್ಟು ಕರೆಂಟ್ ಉಳಿಸುವ ಕಟ್ಟಡ ಇನ್ನೊಂದನ್ನು ತೋರಿಸಿ ನೋಡೋಣ. ಫ್ರಿಜ್ಜಿಗೆ ಸ್ಟಾರ್ ಅಂಟಿಸಿದ ಹಾಗೆ ಶಾಲೆಗೂ ಅಂಟಿಸುವುದಾದರೆ ಐದು ಸ್ಟಾರು ಗ್ಯಾರಂಟಿ. ಸ್ಮಾರ್ಟ್ ಟಿವಿ ಇದೆ, ಹೆಡ್ ಮಾಸ್ಟರ್ ರೂಮಿನ ಬೀರುವಿನಲ್ಲಿ ಟವೆಲ್ ಹೊದ್ದು ಮಲಗಿದೆ. ಬೇರೆಯವರ ಮನೆಯ ಟಿವಿ ಆಫ್ ಆದಾಗಲೂ ಒಂದು ಕೆಂಪು ದೀಪ ಉರಿಸಿಕೊಂಡಿರುತ್ತದೆ. ಇದಕ್ಕೆ ಆ ದುಂದೂ ಇಲ್ಲ.

ಫ್ಯಾನ್ ವಿಷಯ ಸ್ವಲ್ಪ ಹೇಳಲೇಬೇಕು. ಶಾಲೆಯ ಫ್ಯಾನಿಗೆ ಮೂರು ರೆಕ್ಕೆ. ಒಂದರ ಮೇಲೆ ದಾನಿಯ ಹೆಸರು, ಇನ್ನೊಂದರ ಮೇಲೆ ಅವರ ತಂದೆಯ ಹೆಸರು, ಮೂರನೆಯದರಲ್ಲಿ 'ಜ್ಞಾಪಕಾರ್ಥ'. ಫ್ಯಾನ್ ತಿರುಗಿದರೆ ಮೂರೂ ಕಲಸಿಹೋಗುತ್ತವೆ. ಹಾಗಾಗಿ ದಾನಿಗಳ ಕೀರ್ತಿ ಬೆಳಗುವುದು ಕರೆಂಟ್ ಹೋದಾಗ ಮಾತ್ರ. ಮೆಸ್ಕಾಂ, ಜೆಸ್ಕಾಂನವರು ಈ ಸೇವೆಯಲ್ಲಿ ಎಂದೂ ಹಿಂದೆ ಬಿದ್ದವರಲ್ಲ. ಸೀಲಿಂಗ್ ಫ್ಯಾನಿಗೆ ಸ್ಟಾರ್ ಗುರುತು ಕಡ್ಡಾಯವಾಗಿದ್ದು 2023ರ ಜನವರಿಯಲ್ಲಿ. ಆದರೆ ಮೇಲೆ ತೂಗುತ್ತಿರುವುದು ಅದಕ್ಕೂ ಎಷ್ಟೋ ಹಿಂದಿನದು, 75 ವ್ಯಾಟ್ ತಿಂದು ಕಟಕಟ ಸದ್ದನ್ನೇ ಜಾಸ್ತಿ ಕೊಡುತ್ತದೆ. ಈಗಿನ ಬಿಎಲ್‌ಡಿಸಿ ಅನ್ನುವ ಹೊಸ ಥರದ ಮೋಟಾರಿನ ಫ್ಯಾನು ಅದರ ಅರ್ಧಕ್ಕಿಂತ ಕಡಿಮೆಯಲ್ಲಿ ಅಷ್ಟೇ ಗಾಳಿ ಕೊಡುತ್ತದೆ. ಆದರೆ ರೇಟು ಜಾಸ್ತಿ. ಒಬ್ಬರ ಜ್ಞಾಪಕಾರ್ಥಕ್ಕೆ ಅಷ್ಟೊಂದು ಯಾಕೆ, ಅಲ್ವಾ?

ಹಾಗಂತ ಕಾನೂನಿಲ್ಲ ಅನ್ನಬೇಡಿ. ಕಟ್ಟಡಗಳು ಕರೆಂಟ್ ಹೇಗೆ ಉಳಿಸಬೇಕು ಅಂತ ದೇಶಕ್ಕೆ ಒಂದು ಸಂಹಿತೆಯೇ ಇದೆ. 2007ರಲ್ಲಿ ಬಂತು, 2017ರಲ್ಲಿ ಪರಿಷ್ಕರಣೆಯೂ ಆಯಿತು. ಗೋಡೆ, ಚಾವಣಿ, ಕಿಟಕಿ, ದೀಪ, ಎಲ್ಲಕ್ಕೂ ನಿಯಮ ಇದೆ. ಒಂದೇ ಷರತ್ತು: ಕಟ್ಟಡದ ಲೋಡು 100 ಕಿಲೋವ್ಯಾಟ್ ಆದರೂ ಇರಬೇಕು. ನಮ್ಮ ಎರಡು ಕೋಣೆಯ ಶಾಲೆಯಲ್ಲಿ ಎರಡು ಫ್ಯಾನು, ನಾಲ್ಕು ಟ್ಯೂಬ್‌ಲೈಟು. ಎಲ್ಲ ಹಾಕಿದರೂ 300 ವ್ಯಾಟ್ ಆಸುಪಾಸು. ಇಂಥ ಮುನ್ನೂರಕ್ಕೂ ಹೆಚ್ಚು ಶಾಲೆಗಳು ಒಂದೇ ಮೀಟರಿಗೆ ಜೋತು ಬಿದ್ದರೆ ಕಾನೂನಿನ ಕಣ್ಣಿಗೆ ಬೀಳಬಹುದೇನೋ.

ಉಚಿತ ಕರೆಂಟ್ ಕೊಟ್ಟಿಲ್ವಾ ಅನ್ನುತ್ತೀರಿ. ಕೊಟ್ಟಿದ್ದಾರೆ. 2023ರ ರಾಜ್ಯೋತ್ಸವದ ದಿನ ಸಿದ್ದರಾಮಯ್ಯನವರು ಸರ್ಕಾರಿ ಶಾಲೆ ಕಾಲೇಜುಗಳಿಗೆ ನೀರು, ಕರೆಂಟು ಫ್ರೀ ಎಂದು ಘೋಷಿಸಿದರು. ಒಳ್ಳೆಯದೇ. ಬಿಲ್ ಬಾಕಿ ಅಂತ ಫ್ಯೂಸ್ ಕಿತ್ತುಕೊಂಡು ಹೋಗುವುದು, ಮೇಷ್ಟ್ರು ಜೇಬಿನಿಂದ ಕಟ್ಟುವುದು ತಪ್ಪಿದರೆ ಯಾರು ಬೇಡ ಅಂತಾರೆ? ಆದರೆ ಬಿಲ್ಲು ಸೊನ್ನೆಯಾದ ಮೇಲೆ ಚೋಕು ಗುಂಯ್‌ಗುಡುವ ಹಳೇ ಟ್ಯೂಬ್‌ಲೈಟು ತೆಗೆಸುವುದಕ್ಕೆ ಯಾರಿಗೆ ಅರ್ಜೆಂಟು?

ಬಣ್ಣದ ವಿಷಯಕ್ಕೆ ಬರೋಣ. ಅದು ನಮಗೆ ಇಷ್ಟವಾದ ವಿಷಯ. 2022ರ ನವೆಂಬರ್ ನೆನಪಿದೆಯಾ? ವಿವೇಕ ಯೋಜನೆ, ಏಳು ಸಾವಿರಕ್ಕೂ ಹೆಚ್ಚು ಹೊಸ ಕೊಠಡಿ, ಗೋಡೆಗೆ ಕೇಸರಿ. ಆರ್ಕಿಟೆಕ್ಟ್‌ಗಳು ಹೇಳಿದರೆ ಬಳಿಯುತ್ತೇವೆ ಎಂದರು ಆಗಿನ ಶಿಕ್ಷಣ ಸಚಿವ ಬಿ.ಸಿ. ನಾಗೇಶ್. ರಾಷ್ಟ್ರಧ್ವಜದಲ್ಲೇ ಕೇಸರಿ ಇಲ್ವಾ ಎಂದರು ಮುಖ್ಯಮಂತ್ರಿ ಬೊಮ್ಮಾಯಿ. ವಿರೋಧ ಪಕ್ಷ ಕೆಂಪಾಯಿತು. ವಾರಗಟ್ಟಲೆ ಟಿವಿ ಚರ್ಚೆ. ಅಷ್ಟು ಜನ, ಅಷ್ಟು ಬಾಯಿ, ಎಲ್ಲರೂ ಗೋಡೆ ನೋಡಿದರು. ಒಬ್ಬನೂ ತಲೆಯೆತ್ತಿ ಚಾವಣಿಗೆ ಯಾವ ಬಣ್ಣ ಅಂತ ಕೇಳಲಿಲ್ಲ. ಬಿಸಿಲು ಬೀಳುವುದು ಅಲ್ಲಿಗೆ ಸ್ವಾಮೀ! ಪಾಚಿ ಕಟ್ಟಿ ಕಪ್ಪಾದ ಆರ್‌ಸಿಸಿ ಬಿಸಿಲನ್ನೆಲ್ಲ ಕುಡಿದು ಮಧ್ಯಾಹ್ನ ಕೆಳಗಿಳಿಸುತ್ತದೆ. ಅದರ ಮೇಲೆ ಬಿಳಿ ಸುಣ್ಣ ಹೊಡೆದರೆ ಒಳಗೆ ಎರಡು ಮೂರು ಡಿಗ್ರಿ ತಂಪು. ಪಕ್ಕದ ತೆಲಂಗಾಣ 2023ರಲ್ಲಿ ತಂಪು ಚಾವಣಿಗೆಂದೇ ಒಂದು ನೀತಿ ಮಾಡಿತು. ನಮ್ಮಲ್ಲಿ ಆಗಲಿಕ್ಕಿಲ್ಲ ಬಿಡಿ. ಸುಣ್ಣಕ್ಕೆ ಪಕ್ಷ ಇಲ್ಲ.

ಅಜ್ಜಂದಿರು ಇದನ್ನೆಲ್ಲ ಸಂಹಿತೆ ಓದದೆಯೇ ಮಾಡಿದ್ದರು. ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹೆಂಚಿನ ಕಾರ್ಖಾನೆ ಶುರುವಾಗಿದ್ದು 1865ರಲ್ಲಿ. ಆ ಹೆಂಚು ಹೊದಿಸಿದ ಶಾಲೆಯಲ್ಲಿ ಎತ್ತರದ ಮಾಡು, ಸಂದಿಯಲ್ಲಿ ಗಾಳಿ, ನಡುವೆ ಒಂದು ಗಾಜಿನ ಹೆಂಚು. ಅದರಿಂದ ಇಳಿದ ಬಿಸಿಲಿನ ಚೌಕ ಯಾವ ಬೆಂಚಿಗೆ ಬಂತು ಅಂತ ನೋಡಿ ಮಕ್ಕಳು ಊಟದ ಬೆಲ್ಲಿಗೆ ಎಷ್ಟು ಹೊತ್ತಿದೆ ಎಂದು ಹೇಳುತ್ತಿದ್ದರು. ಆಮೇಲೆ ಅಭಿವೃದ್ಧಿ ಬಂತು. ಹೆಂಚು ಸೋರುತ್ತದೆ ಅಂತ ತೆಗೆದು ತಗಡು ಹಾಕಿದರು. ಈಗ ಮಳೆ ಬಂದರೆ ಮೇಷ್ಟ್ರು ಪಾಠ ನಿಲ್ಲಿಸುತ್ತಾರೆ, ಏನೂ ಕೇಳುವುದಿಲ್ಲ. ಬಿಸಿಲು ಬಂದರೆ ನಿಲ್ಲಿಸುವುದಿಲ್ಲ. ಬಿಸಿಲಿಗೆ ಸದ್ದಿಲ್ಲವಲ್ಲ.

ಕಲಬುರಗಿ ಕಡೆ ಏಪ್ರಿಲ್, ಮೇ ಬಂದರೆ ಸರ್ಕಾರಿ ಕಚೇರಿಗಳ ಸಮಯ ಬದಲಾಗುತ್ತದೆ. ಬೆಳಿಗ್ಗೆ ಎಂಟರಿಂದ ಮಧ್ಯಾಹ್ನ ಒಂದೂವರೆಯವರೆಗೆ. ಸೆಖೆಯಲ್ಲಿ ಫೈಲು ನೋಡೋಕಾಗಲ್ಲ ಅಂತ ಸರ್ಕಾರಕ್ಕೆ ಗೊತ್ತು. ಆ ಫೈಲಿಗೆ ಸಹಿ ಹಾಕುವ ದೊಡ್ಡ ಸಾಹೇಬರ ರೂಮಿನಲ್ಲಿ ಏಸಿ 18 ಡಿಗ್ರಿಯಲ್ಲಿ ಓಡುತ್ತಿರುತ್ತದೆ. ಸಾಹೇಬರು ಮೀಟಿಂಗಿಗೆ ಹೋದಾಗಲೂ ಓಡುತ್ತಲೇ ಇರುತ್ತದೆ, ಕುರ್ಚಿಗೆ ಸೆಖೆ ಆಗಬಾರದಲ್ಲ. ಅಲ್ಲಿಂದಲೇ ಬಂದಿದ್ದು ಆ ಸುತ್ತೋಲೆ: ಮಕ್ಕಳಲ್ಲಿ ಉಳಿತಾಯದ ಅರಿವು ಮೂಡಿಸಿ.

ಸಾಕಾಯಿತು ಸಾಹೇಬರೇ. ಊಟ ಮಾಡಿ ತಗಡಿನ ಕೆಳಗೆ ಕೂತ ಮಗು ತೂಕಡಿಸುತ್ತದೆ, ನೀವು ಕಲಿಕೆಯ ಮಟ್ಟ ಕುಸಿದಿದೆ ಅಂತ ವರದಿ ಬರೆಯುತ್ತೀರಿ. ಮಗು ದಡ್ಡ ಅಲ್ಲ ಕಣ್ರೀ, ಬೇಯ್ತಾ ಇದೆ. ಅರಿವು ಬೇಕಾಗಿರುವುದು ಅದಕ್ಕಲ್ಲ. ಶಾಲೆಯ ಉಸ್ತುವಾರಿ ಸಮಿತಿ ಎಸ್‌ಡಿಎಂಸಿಯವರು ಚಾವಣಿಗೆ ಎರಡು ಕೋಟು ಸುಣ್ಣ ಕೇಳಿದರೆ ಅಂದಾಜು ಪಟ್ಟಿ ಕಳಿಸಿ, ಮುಂದಿನ ಸಾಲಿನ ಕ್ರಿಯಾಯೋಜನೆಯಲ್ಲಿ ನೋಡೋಣ ಅಂತೀರಿ. ಅಷ್ಟೊತ್ತಿಗೆ ಏಳನೇ ಕ್ಲಾಸಿನವರು ಟಿಸಿ ತಗೊಂಡು ಹೈಸ್ಕೂಲಿಗೆ ಹೋಗಿರುತ್ತಾರೆ. ಅಲ್ಲೂ ತಗಡೇ.