ಬದು ಬೇರೆ, ದಾರಿ ಬೇರೆ

ಯಲಬುರ್ಗಾ ತಾಲೂಕಿನ ನಮ್ಮ ಎರೆ ಹೊಲ ಪಹಣಿ ಪ್ರಕಾರ 4 ಎಕರೆ 20 ಗುಂಟೆ. ನೆಲದ ಮೇಲೆ ಅಷ್ಟಿರಲಿಲ್ಲ. ಅಪ್ಪ ತೀರಿಕೊಂಡ ಮೇಲೆ 8 ವರ್ಷ ಹೊಲ ಲಾವಣಿಗೆ, ಅಂದರೆ ಗುತ್ತಿಗೆಗೆ, ಕೊಟ್ಟು ನಾನು ಊರ ಕಡೆ ತಲೆ ಹಾಕಲಿಲ್ಲ. ಪಕ್ಕದ ಹೊಲದ ಕಾಕಾ ವರ್ಷಕ್ಕೊಂದು ಗೇಣು ಬದು ಕಡಿಯುತ್ತ ಬಂದರು. ಗೇಣು ಅಂದರೆ ಏನು ಮಹಾ ಅನ್ನಿಸಬಹುದು. ನಮ್ಮ ಬದು 500 ಅಡಿ ಉದ್ದ. 8 ಗೇಣು ಅಂದರೆ 6 ಅಡಿ, ಅಲ್ಲಿಗೆ 3,000 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿ. ಹತ್ತಿರ ಹತ್ತಿರ ಮೂರು ಗುಂಟೆ ಹೋಗಿತ್ತು.

ಕಾಕಾ ಬೇರೆಯವರಲ್ಲ, ಅಣ್ತಮ್ಮಕಿಯವರೇ, ಅಂದರೆ ದಾಯಾದಿಗಳೇ. ಮುತ್ತಜ್ಜನ ಕಾಲಕ್ಕೆ ಎರಡೂ ಹೊಲ ಒಂದೇ ಸರ್ವೆ ನಂಬರು. ಕೇಳಿದ್ದಕ್ಕೆ, "ತಮ್ಮಾ, ಹೊಲಕ್ಕ ಬರದವಗ ಬದು ಎಲ್ಲೈತಿ ಅಂತ ಹೆಂಗ ಗೊತ್ತಾಗ್ತದಪಾ?" ಅಂದರು. ಆ ಮಾತು ಬಹಳ ನೋಯಿಸಿತು, ಅದರಲ್ಲಿ ಸುಳ್ಳಿರಲಿಲ್ಲ.

ಸಿಟ್ಟಿನಲ್ಲಿ ಮೊದಲು ಹೊಳೆದದ್ದು ಅವರ ದಾರಿಗೆ ಮುಳ್ಳು ಹಚ್ಚುವುದು. ಅವರ ಬಂಡಿ, ಟ್ರ್ಯಾಕ್ಟರ್ ನಮ್ಮ ಹೊಲದ ಅಂಚಿಗೇ ಹಾಯಬೇಕು, ಬೇರೆ ದಾರಿಯಿಲ್ಲ. ನಮ್ಮ ಕಡೆ ಎಷ್ಟೋ ಜಗಳ ಬಡಿಗೆಗೆ ಬರುವುದು ಇಲ್ಲೇ. ಆದರೆ ಬದು ಕಡಿದದ್ದು ತಪ್ಪು, ದಾರಿ ಅವರ ಹಕ್ಕು. ಒಂದೇ ಹೊಲ ಪಾಲಾದಾಗ ಒಳಗಿನ ಪಾಲಿಗೆ ಬೇರೆ ದಾರಿ ಇಲ್ಲದಿದ್ದರೆ 1882ರ ಈಸ್‌ಮೆಂಟ್ ಕಾಯ್ದೆಯೂ ಆ ಹಕ್ಕನ್ನು ಒಪ್ಪುತ್ತದೆ. ಕಾಯ್ದೆ ಹಾಗಿರಲಿ, ರಾಶಿ ಮಾಡಿದ ಕಡ್ಲಿ ಮನೆಗೆ ಒಯ್ಯಲಾಗದಂತೆ ಒಬ್ಬ ರೈತನನ್ನು ಕಟ್ಟಿಹಾಕುವುದು ನನಗೆ ಸರಿ ಕಾಣಲಿಲ್ಲ.

ಹಂಗಂತ ಬದು ಬಿಡಬಾರದು. ಒಬ್ಬರು 12 ವರ್ಷ ರಾಜಾರೋಷವಾಗಿ ಉಳುತ್ತಿದ್ದು ಮಾಲೀಕ ತಕರಾರು ಮಾಡದೇ ಇದ್ದರೆ, ಪ್ರತಿಕೂಲ ಸ್ವಾಧೀನ ಅಂತ ನ್ಯಾಯಾಲಯದಲ್ಲಿ ವಾದ ಹೂಡಲು ಅವರಿಗೆ ದಾರಿ ಸಿಗುತ್ತದೆ. ನಾಡ ಕಚೇರಿಯಲ್ಲಿ ಹದ್ದುಬಸ್ತಿಗೆ, ಅಂದರೆ ಸರ್ಕಾರಿ ಅಳತೆಯಿಂದ ಗಡಿ ಗುರುತಿಸಿ ಕೊಡುವುದಕ್ಕೆ, ಅರ್ಜಿ ಕೊಟ್ಟೆ. ಅರ್ಜಿಯನ್ನು ಬೇಸಿಗೆಯಲ್ಲೇ ಕೊಡಿ, ಬೆಳೆ ನಿಂತ ಹೊಲದಲ್ಲಿ ಅಳತೆ ಆಗುವುದಿಲ್ಲ. ಮೊಬೈಲಿನ ದಿಶಾಂಕ್ ಆ್ಯಪ್ ನೋಡಿ ಗೆರೆ ಎಳೆಯಲು ಹೋಗಬೇಡಿ. ಅದು ಸರ್ವೆ ನಂಬರು ಗುರುತಿಸಲು ಒಳ್ಳೆಯದು, ಆದರೆ ಜಿಪಿಎಸ್ ನಾಲ್ಕಾರು ಮೀಟರ್ ಆಚೀಚೆ ತೋರಿಸಬಹುದು. ನಮ್ಮ ಜಗಳವೇ 6 ಅಡಿಯದು!

ಅಳತೆಯ ನೋಟಿಸು ಕಾಕಾನಿಗೆ ಮುಟ್ಟುವ ಮೊದಲು ನಾನೇ ಮನೆಗೆ ಹೋಗಿ ಹೇಳಿದೆ: "ಕಾಕಾ, ಅಳಸಾಕ ಹತ್ತೀನಿ, ನೀವೂ ಬರ್ರಿ. ದಾರಿ ಮುಟ್ಟಂಗಿಲ್ಲ." ಅವರು ಉತ್ತರ ಕೊಡಲಿಲ್ಲ, ಅಳತೆ ದಿನ ಮಾತ್ರ ಬಂದು ಬೇವಿನ ಗಿಡದ ಕೆಳಗೆ ಕೂತರು. ಸರ್ವೆಯವರು ಟಿಪ್ಪಣಿ (ಹೊಲದ ಹಳೇ ಅಳತೆಯ ನಕ್ಷೆ) ಹಿಡಿದು ಸರಪಳಿ ಎಳೆದಾಗ ಗಡಿ ಗುರುತಿನ ಹಳೇ ಬಾಂದು ಕಲ್ಲು ಅವರ ತೊಗರಿ ಕೂಳೆಯೊಳಗೆ, ಮಣ್ಣಡಿ ಸಿಕ್ಕಿತು. ಎಲ್ಲರೂ ಅದನ್ನೇ ನೋಡುತ್ತ ನಿಂತೆವು, ಯಾರೂ ಮಾತಾಡಲಿಲ್ಲ.

ಬದು ಈಗ ಮೊದಲಿನ ಜಾಗಕ್ಕೆ ಬಂದಿದೆ. ಕಾಕಾ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡಿಲ್ಲ. ಈ ಸಲದ ಕಡ್ಲಿ ತುಂಬಿದ ಅವರ ಟ್ರ್ಯಾಕ್ಟರ್ ಮಾತ್ರ ನಮ್ಮ ಹೊಲದ ದಾರಿಯಲ್ಲೇ ಹೋಯಿತು.